ಪಂಕಜಾಕ್ಷಿ ಇನ್ನೂ ನೋಡುತ್ತಿದ್ದಾಳೆ

ಆಕಾಶ ನೋಡುವುದಕ್ಕೆ ಯಾವ ಆ್ಯಪ್ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನೀಗ ಉತ್ತರ ಕೊಡುವುದಿಲ್ಲ. ಮೊದಲು ಕೊಡುತ್ತಿದ್ದೆ. ಕೇಳದಿದ್ದರೂ ಕೊಡುತ್ತಿದ್ದೆ. ಪಾವಗಡದ ಬಸ್ ಸ್ಟ್ಯಾಂಡ್ ಎದುರು ಕನ್ನಡಕದ ಅಂಗಡಿ ಇಟ್ಟುಕೊಂಡು ಊರಿನ ಅರ್ಧ ಜನರ ಮೂಗಿನ ಮೇಲೆ ಗಾಜು ಕೂರಿಸಿದವಳು ನಾನು. ನೋಟದ ವಿಷಯ ಬಂದರೆ ಬಾಯಿ ಮುಚ್ಚಿಕೊಂಡಿರುವ ಜಾಯಮಾನ ನನ್ನದಲ್ಲ. ಹಾಗಾಗಿಯೇ ನಮ್ಮ ತಾರಾ ಬಳಗದವರು, 'ಹೇಮಾವತಿಯವರೇ, ಎಲ್ಲರಿಗೂ ಒಂದೇ ಆ್ಯಪ್ ಇರಲಿ, ನೀವೇ ಆರಿಸಿ' ಎಂದು ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು.

ಮೂರು ಆ್ಯಪ್‌ಗಳನ್ನು ಫೋನಿಗೆ ಹಾಕಿಕೊಂಡು ಊರಾಚೆಯ ಹಾಸುಬಂಡೆಗೆ ಹೋದೆ. ಬಳಗ ಸೇರುವುದು ಅಲ್ಲಿಯೇ. ಪರೀಕ್ಷೆ ಮಾಡಿದ್ದು ಮಾತ್ರ ನಾನಲ್ಲ, ಪಂಕಜಾಕ್ಷಿ. ಅವಳು ಪೋಸ್ಟಾಫೀಸಿನಲ್ಲಿ ಪೋಸ್ಟ್ ಮಾಸ್ಟರ್, ನನ್ನ ಗೆಳತಿ, ಮತ್ತು ನಾನು ಈವರೆಗೆ ತಪಾಸಣೆ ಮಾಡಿದ ಕಣ್ಣುಗಳಲ್ಲೆಲ್ಲ ಅತ್ಯಂತ ಚುರುಕಾದ ಕಣ್ಣುಗಳ ಒಡತಿ. ಅವಳಿಗೆ ನನ್ನಿಂದ ಒಂದು ಕನ್ನಡಕವೂ ಮಾರಾಟವಾಗಲಿಲ್ಲ ಎಂಬ ಸಿಟ್ಟು ನನಗೆ ಕೊನೆಯವರೆಗೂ ಇತ್ತು.

ಮೊದಲನೆಯ ಆ್ಯಪ್ ಬಹಳ ಅಲಂಕಾರದ್ದು. ಸಿಂಹರಾಶಿಯತ್ತ ಹಿಡಿದರೆ ಚುಕ್ಕಿಗಳ ಮೇಲೆ ಕೇಸರ ಕೆದರಿದ ಸಿಂಹ ಮೂಡುತ್ತಿತ್ತು, ಹಿನ್ನೆಲೆಯಲ್ಲಿ ವೀಣೆ ಬೇರೆ. ಕತ್ತಲಿಗೆ ಒಗ್ಗಿದ ಕಣ್ಣಿಗೆ ಬಿಳಿ ಬೆಳಕು ತಾಗಿದರೆ ಮತ್ತೆ ಒಗ್ಗಲು ಬಹಳ ಹೊತ್ತು ಬೇಕು, ಅದಕ್ಕೇ ಇಂಥ ಆ್ಯಪ್‌ಗಳಲ್ಲಿ ಕೆಂಪು ಪರದೆ ಇರುತ್ತದೆ. ಇದರಲ್ಲೂ ಇತ್ತು. ಆದರೆ ಕೆಂಪಿನ ನಡುವೆ ಫಕ್ಕನೆ ಬೆಳ್ಳಗೆ ಒಂದು ಶೇವಿಂಗ್ ಕ್ರೀಮ್ ಜಾಹೀರಾತು ಬಂತು. "ಇದನ್ನ ಮದ್ವೆ ಮನೇಗೆ ಕೊಡೇ, ಮಕ್ಕಳು ನೋಡ್ತವೆ" ಎಂದಳು ಪಂಕಜಾಕ್ಷಿ. ಎರಡನೆಯದು ಸಿಗ್ನಲ್ ಇಲ್ಲದೆಯೂ ನಡೆಯುತ್ತಿತ್ತು, ಲೆಕ್ಕ ಒಂದು ಚೂರೂ ತಪ್ಪುತ್ತಿರಲಿಲ್ಲ, ಆದರೆ ಪಂಚಾಂಗದಷ್ಟೇ ಒಣ. ಮೂರನೆಯದರ ಹೆಸರು 'ಜೊತೆನೋಟ'.

ಅದನ್ನು ಬೈನಾಕ್ಯುಲರಿಗೆ ಸಿಕ್ಕಿಸಿದರೆ ಹಿಂದಿನ ಕ್ಯಾಮೆರಾ ಆಕಾಶ ನೋಡಿ ಪರದೆಯ ಮೇಲೆ ತೋರಿಸುತ್ತದೆ, ಮುಂದಿನದು ಪರದೆ ನೋಡುವ ನಮ್ಮ ಕಣ್ಣುಗುಡ್ಡೆ ನೋಡುತ್ತದೆ. ನಾವು ಯಾವ ನಕ್ಷತ್ರದ ಮೇಲೆ ಕಣ್ಣಿಟ್ಟಿದ್ದೇವೆ ಎಂದು ತಿಳಿದುಕೊಂಡು, ಬಳಗದ ಉಳಿದವರ ಪರದೆಯ ಮೇಲೆ ಅದೇ ಜಾಗದಲ್ಲಿ ನಮ್ಮ ಹೆಸರಿನ ಒಂದು ಕಿತ್ತಳೆ ಚುಕ್ಕಿ ಇಡುತ್ತದೆ. ಕತ್ತಲಲ್ಲಿ ಒಬ್ಬೊಬ್ಬರೇ ಗರ ಬಡಿದವರ ಹಾಗೆ ಮೇಲೆ ನೋಡುತ್ತ ಕೂತಿರುವ ನಮಗೆ, ಪಕ್ಕದವರ ನೋಟ ಎಲ್ಲಿ ಓಡಾಡುತ್ತಿದೆ ಎಂದು ಕಾಣುವುದು ಎಷ್ಟು ಹಿತವೆಂದು ಹೇಳಲಾರೆ. ಬಂಡೆಯ ಮೇಲೆ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಆಗ ಚುಕ್ಕಿ ಮಾಯವಾಗಬಾರದೆಂದು, ಆ ವ್ಯಕ್ತಿಯ ಹಳೆಯ ಅಭ್ಯಾಸ ನೋಡಿ, ಈಗ ಅವರು ಎಲ್ಲಿ ನೋಡುತ್ತಿರಬಹುದು ಎಂದು ಆ್ಯಪ್ ತಾನೇ ಊಹಿಸಿ ತುಂಬುತ್ತಿತ್ತು. ಸಿಗ್ನಲ್ ಮರಳುವವರೆಗೆ ಅಷ್ಟೇ.

"ಇದೇ ಇರ್ಲಿ. ನೀನು ಆಕಾಶ ಬಿಟ್ಟು ನಿದ್ದೆ ಹೊಡೀತಿದ್ರೆ ನಂಗೆ ಗೊತ್ತಾಗತ್ತೆ" ಎಂದಳು. ಅದನ್ನೇ ಆರಿಸಿದೆ.

ನಮ್ಮ ಬಳಗ ಬರೀ ಚೆಂದ ನೋಡುವ ಗುಂಪಲ್ಲ. ಬೆಳಕು ಏರಿಳಿಯುವ ನಕ್ಷತ್ರಗಳನ್ನು ಅಕ್ಕಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ, ಇವತ್ತು ಇದರ ಕಾಂತಿ ಇಷ್ಟು ಎಂದು ಅಂಕ ಕೊಟ್ಟು ಆ್ಯಪ್‌ನಲ್ಲಿ ಬರೆಯುವುದು ನಮ್ಮ ಕೆಲಸ. ಅಂಕ ಹೆಚ್ಚಾದಷ್ಟೂ ಬೆಳಕು ಕಡಿಮೆ. ಇದಕ್ಕೊಂದು ಕಟ್ಟುನಿಟ್ಟಿನ ಪದ್ಧತಿ ಇದೆ: ಎಲ್ಲರೂ ಅಂಕ ಬರೆದು ಮುಗಿಸುವವರೆಗೆ ಯಾರೂ ತುಟಿ ಬಿಚ್ಚಬಾರದು. ಒಬ್ಬರು 'ಏಳು' ಎಂದುಬಿಟ್ಟರೆ ಉಳಿದವರ ಕಣ್ಣಿಗೂ ಅದು ಏಳರ ಹಾಗೇ ಕಾಣತೊಡಗುತ್ತದೆ. ಕಣ್ಣು ಅಷ್ಟು ನೆಚ್ಚಿಕೆಯ ಆಳಲ್ಲ. ಮೂವತ್ತು ವರ್ಷದ ವ್ಯಾಪಾರದಲ್ಲಿ ನಾನು ಕಲಿತದ್ದು ಇದೊಂದೇ.

ಉತ್ತರ ಕಿರೀಟ ಎಂಬ ನಕ್ಷತ್ರಪುಂಜ ಬಳೆಯ ಚೂರಿನ ಹಾಗಿದೆ. ಅದರ ಒಳಗೆ ಮಬ್ಬಾದ ಒಂದು ಚುಕ್ಕಿ. ವರ್ಷಗಟ್ಟಲೆ ಆರನೇ ಅಂಕದಲ್ಲಿ ಸುಮ್ಮನೆ ಹೊಳೆಯುತ್ತಿರುತ್ತದೆ. ಯಾವತ್ತೋ ಒಂದು ದಿನ, ಹೇಳದೆ ಕೇಳದೆ, ತನ್ನೊಳಗಿನ ಇಂಗಾಲವನ್ನೇ ಮಸಿಯಾಗಿ ಉಗುಳಿ ಅದರ ಹಿಂದೆ ಅವಿತುಕೊಳ್ಳುತ್ತದೆ, ಲಾಟೀನಿನ ಗಾಜಿಗೆ ಕಪ್ಪು ಹಿಡಿದ ಹಾಗೆ. ನಾವದಕ್ಕೆ ಮಸಿಚುಕ್ಕಿ ಎನ್ನುತ್ತಿದ್ದೆವು. ಹಿಂದಿನ ಸಲ ಅದು ಮರೆಯಾದಾಗ ಪಂಕಜಾಕ್ಷಿ ಇನ್ನೂ ಆಕಾಶದ ಗೀಳು ಹತ್ತಿಸಿಕೊಂಡಿರಲಿಲ್ಲ. ಮುಂದಿನ ಸಲ ತಾನು ನೋಡಲೇಬೇಕು, ಎಲ್ಲರಿಗಿಂತ ಮೊದಲು ನೋಡಬೇಕು ಎಂಬುದು ಅವಳ ಹಟ. ಅದು ಕಾಣುವ ತಿಂಗಳುಗಳಲ್ಲಿ ಒಂದು ದಿನವೂ ತಪ್ಪಿಸದೆ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ದಿನವೂ ಬರೆದದ್ದು ಆರು, ಆರು, ಆರು.

ಫೆಬ್ರವರಿಯಲ್ಲಿ, ಪೋಸ್ಟಾಫೀಸಿನ ಕೌಂಟರಿನಲ್ಲಿ ಕೂತಿದ್ದಾಗಲೇ ಅವಳಿಗೆ ಎದೆನೋವು ಬಂತು. ತುಮಕೂರಿನ ದಾರಿಯಲ್ಲಿಯೇ ಹೋಗಿಬಿಟ್ಟಳು.

ಮಾರ್ಚಿನಲ್ಲಿ ಬಳಗ ಮತ್ತೆ ಬಂಡೆಯ ಮೇಲೆ ಸೇರಿತು. ಫೋನುಗಳು ಹೊತ್ತಿಕೊಂಡವು. ಮಿಥುನ ರಾಶಿಯ ಹತ್ತಿರ ಒಂದು ಕಿತ್ತಳೆ ಚುಕ್ಕಿ ಬಂದು ನಿಂತಿತು, ಕೆಳಗೆ ಹೆಸರು: ಪಂಕಜಾಕ್ಷಿ.

ಔಷಧಿ ಅಂಗಡಿಯ ಶ್ರೀರಾಮುಲು ಫೋನನ್ನು ಬಂಡೆಯ ಮೇಲೆ ಬೀಳಿಸಿಕೊಂಡರು. ಯಾರಾದರೂ ಅವಳ ಫೋನ್ ಹಿಡಿದಿರಬೇಕೆಂದು ಮೊದಲು ಅನ್ನಿಸಿತು. ಆದರೆ ಅದು ಅವಳ ಮನೆಯ ಬೀರುವಿನಲ್ಲಿ, ಚಾರ್ಜ್ ಇಲ್ಲದೆ ಸೀರೆಗಳ ಕೆಳಗಿತ್ತು. ಚುಕ್ಕಿ ಮಾತ್ರ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಅವಳ ಹಾಗೇ ಹೋಗುತ್ತಿತ್ತು. ಹೊಳೆಯುವುದನ್ನು ಬಿಟ್ಟು ಮಬ್ಬಾದದ್ದಕ್ಕೆ. ಅಲ್ಲೊಂದಷ್ಟು ಹೊತ್ತು ನಿಂತು, ಅಂಕ ಬರೆದು, ಮುಂದಕ್ಕೆ. ಅವಳು ಸಿಗ್ನಲ್ ಸಿಗದ ಜಾಗಕ್ಕೆ ಹೋಗಿದ್ದಾಳೆ ಎಂದುಕೊಂಡ ಆ್ಯಪ್, ಅವಳು ಬರುವವರೆಗೆ ತಾನೇ ತುಂಬುತ್ತಿತ್ತು.

ಇದನ್ನು ಅವಳ ಗಂಡನಿಗೆ ಹೇಳಬಾರದೆಂದು ನಾನಿದ್ದೆ. ಶ್ರೀರಾಮುಲು ಹೇಳಿಬಿಟ್ಟರು.

ತಿಪ್ಪೇಸ್ವಾಮಿ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು. ಹೆಂಡತಿ ಇದ್ದಾಗ ಅವರು ಬಂಡೆಗೆ ಬರುತ್ತಿದ್ದದ್ದು ಜಮಖಾನ ಹೊರಲು, ಆಮೇಲೆ ಅದರ ಮೇಲೆ ಗೊರಕೆ ಹೊಡೆಯಲು. ಸಪ್ತರ್ಷಿ ಮಂಡಲ ಯಾವುದು ಎಂದರೆ ಚಂದ್ರನನ್ನು ತೋರಿಸುವ ಪೈಕಿ. ಅಂಥವರು ಹೊಸ ಫೋನ್ ಕೊಂಡು, ಜೊತೆನೋಟ ಹಾಕಿಸಿಕೊಂಡು, ಹೆಂಡತಿಯ ಬೈನಾಕ್ಯುಲರಿಗೆ ಸಿಕ್ಕಿಸಿಕೊಂಡು ದಿನವೂ ಬರತೊಡಗಿದರು. ಅವಳ ಚುಕ್ಕಿ ಹೋದಲ್ಲೆಲ್ಲ ಅವರ ಚುಕ್ಕಿ ಹಿಂದೆಯೇ ಹೋಗುತ್ತಿತ್ತು. ಎರಡು ತಿಂಗಳಲ್ಲಿ ಅವರಿಗೆ ನನಗಿಂತ ಚೆನ್ನಾಗಿ ಆಕಾಶದ ದಾರಿ ತಿಳಿದುಹೋಯಿತು. ಮುಖಕ್ಕೆ ಕಳೆ ಬಂತು. ಊಟ ಮಾಡತೊಡಗಿದರು.

"ಮೇಷ್ಟ್ರೇ, ಅದು ಬರೀ ಲೆಕ್ಕಾಚಾರ" ಎಂದು ಒಂದು ದಿನ ಹೇಳಿದೆ.

"ಗೊತ್ತು ಬಿಡಿ ಹೇಮಮ್ಮ" ಎಂದರು. "ಮೂವತ್ತಾರು ವರ್ಷ ಜೊತೇಲಿದ್ದೆ. ಅವ್ಳು ಏನು ನೋಡ್ತಾಳೆ ಅಂತ ಒಂದಿನ ಕೇಳ್ಲಿಲ್ಲ. ಈಗ ಗೊತ್ತಾಗ್ತಿದೆ. ಗೊತ್ತಾಗ್ಲಿ ಬಿಡಿ."



ಮೇ ತಿಂಗಳಲ್ಲಿ ಕಂಪನಿಯಿಂದ ಸಂದೇಶ ಬಂತು. ಮೂರು ತಿಂಗಳಿಗಿಂತ ಹೆಚ್ಚು ಕಾಲ ಸಿಗ್ನಲ್ ಇಲ್ಲದ ಸದಸ್ಯರ ಚುಕ್ಕಿಗಳನ್ನು ತಿಂಗಳ ಕೊನೆಗೆ ತೆಗೆದುಹಾಕುತ್ತೇವೆ, ಆಕ್ಷೇಪವಿದ್ದರೆ ಬಳಗದ ಪರವಾಗಿ ಆ್ಯಪ್ ಆರಿಸಿದವರು ತಿಳಿಸಬಹುದು. ಆರಿಸಿದವಳು ನಾನೇ. ತಿಪ್ಪೇಸ್ವಾಮಿ ಅಂಗಡಿಗೆ ಬಂದರು, ಗಿರಾಕಿಗಳು ಹೋಗುವವರೆಗೆ ಸ್ಟೂಲಿನ ಮೇಲೆ ಕಾದರು. ಇಡೀ ಮೈದಾನಕ್ಕೆ ಕೇಳುವ ಹಾಗೆ ಸೀಟಿ ಊದುತ್ತಿದ್ದ ಮನುಷ್ಯ ಪಿಸುಗುಟ್ಟುವ ದನಿಯಲ್ಲಿ ಹೇಳಿದರು: "ಒಂದ್ಸಲ ಸತ್ತಿದ್ದು ಸಾಕು ಹೇಮಮ್ಮ. ಇನ್ನೊಂದ್ಸಲ ಸಾಯಿಸಬೇಡಿ."

ನಾನು ಮೈಸೂರಿನ ಬಸ್ಸು ಹತ್ತಿದೆ.

ಕಂಪನಿ ದೊಡ್ಡದೇನಲ್ಲ. ರಿಂಗ್ ರೋಡಿನ ಪಕ್ಕ ಒಂದು ಕಟ್ಟಡದ ಮೂರನೆಯ ಮಹಡಿ. ರುಬೀನಾ ಎಂಬ ಹುಡುಗಿ ನನ್ನನ್ನು ಒಳಗೆ ಕರೆದುಕೊಂಡು ಹೋದಳು. ಕಿಟಕಿಗಳಿಗೆಲ್ಲ ಕಪ್ಪು ಪರದೆ, ಗೋಡೆಯಿಡೀ ಒಂದು ತೆರೆ, ತೆರೆಯ ಮೇಲೆ ಆಕಾಶ. ಎಲ್ಲೆಲ್ಲಿ ಕತ್ತಲಾಗಿದೆಯೋ ಅಲ್ಲಿನವರ ಚುಕ್ಕಿಗಳೆಲ್ಲ ಅದರ ಮೇಲೆ ಹರಿದಾಡುತ್ತಿದ್ದವು. ಕೆಲವಕ್ಕೆ ಬೂದಿ ಬಣ್ಣದ ಅಂಚು.

"ಅವು ನಾವು ತುಂಬ್ತಿರೋವು ಮೇಡಂ" ಎಂದಳು ರುಬೀನಾ. "ನಮ್ಗೆ ಮಾತ್ರ ಅಂಚು ಕಾಣತ್ತೆ. ಬಳಸೋರ ಫೋನಲ್ಲಿ ಕಾಣಲ್ಲ. ಅವ್ರಿಗೆ ಬೇಜಾರಾಗಬಾರ್ದು ಅಂತ ಹಾಗೆ ಮಾಡಿದ್ವಿ."

ಬೂದಿ ಅಂಚಿನವು ಬಹಳ ಇದ್ದವು. "ಇವರೆಲ್ಲ ಸತ್ತವರಾ?" ಎಂದೆ.

"ಗೊತ್ತಿಲ್ಲ. ಕೆಲವ್ರು ಫೋನ್ ಕಳ್ಕೊಂಡಿರ್ತಾರೆ. ಕೆಲವ್ರಿಗೆ ಆಕಾಶ ಸಾಕಾಗಿರತ್ತೆ. ಸಿಸ್ಟಮ್‌ಗೆ ಎಲ್ಲಾ ಒಂದೇ ಮೇಡಂ, ಸಿಗ್ನಲ್ ಇಲ್ಲ ಅಷ್ಟೆ. ಎಲ್ಲಿಗೆ ನಿಲ್ಲಿಸ್ಬೇಕು ಅಂತ ನಾವು ಬರೀಲೇ ಇಲ್ಲ. ಯಾರಿಗೆ ಹೊಳೆದಿತ್ತು?"

ಆ ಕೋಣೆಯಲ್ಲಿ ಏಸಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನೋಡುವವರೇ ಇಲ್ಲದ ಅಷ್ಟೊಂದು ನೋಟಗಳು ನಕ್ಷತ್ರಗಳ ನಡುವೆ ಓಡಾಡುವುದನ್ನು ನೋಡುತ್ತ ನನಗೆ ಎದ್ದು ಹೋಗೋಣವೆನ್ನಿಸಿತು. ಅಷ್ಟರಲ್ಲಿ ರುಬೀನಾ ಕುರ್ಚಿ ಎಳೆದುಕೊಂಡು ಪಕ್ಕ ಕೂತಳು.

"ಮೇಡಂ, ನೀವು ಬಂದಿದ್ದು ಒಳ್ಳೇದಾಯ್ತು. ಪಾವಗಡದೋರನ್ನ ನಾನೇ ಕೇಳೋಣ ಅಂತಿದ್ದೆ. ಈ ನಕ್ಷತ್ರ ನೋಡಿ." ಅವಳು ಉತ್ತರ ಕಿರೀಟವನ್ನು ದೊಡ್ಡದು ಮಾಡಿದಳು. "ಹತ್ತು ದಿನದಿಂದ ಇದ್ರ ಬೆಳಕು ಎಲ್ಲಾ ಕಡೆ ಇಳೀತಿದೆ. ಏಳು ಅಂದ್ರು, ಎಂಟು ಅಂದ್ರು, ಈಗ ಹತ್ತರ ಹತ್ರ. ಬೈನಾಕ್ಯುಲರಲ್ಲಿ ಕಾಣೋದೇ ಇಲ್ಲ ಅಂತಿದಾರೆ. ನಿಮ್ಮೂರಿಂದ ಮಾತ್ರ ಆರು. ಒಬ್ರೂ ಬಿಡದೆ ಎಲ್ರೂ ಆರು."

ಮಸಿಚುಕ್ಕಿ ಮರೆಯಾಗಿತ್ತು. ಪಂಕಜಾಕ್ಷಿ ಅಷ್ಟು ವರ್ಷ ಕಾದದ್ದು ನಡೆದುಹೋಗಿತ್ತು, ಅವಳದೇ ಬಳಗದ ಕಣ್ಣಿಗೆ ಬಿದ್ದಿರಲಿಲ್ಲ.

"ಅದು ಹೇಗೆ? ಇಲ್ಲದ ನಕ್ಷತ್ರ ಎಲ್ಲರಿಗೂ ಹೇಗೆ ಕಾಣುತ್ತದೆ?"

ರುಬೀನಾ ನಮ್ಮ ಬಳಗದ ಲೆಕ್ಕ ತೆಗೆದಳು. ನೋಡುತ್ತ ನೋಡುತ್ತ ಅವಳ ಮುಖ ಹುಳ್ಳಗಾಯಿತು. ಫೋನಿನ ಕ್ಯಾಮೆರಾಗೆ ಮಬ್ಬು ನಕ್ಷತ್ರಗಳು ಸರಿಯಾಗಿ ಸಿಗುವುದಿಲ್ಲ. ಅದಕ್ಕಾಗಿ ಆ್ಯಪ್ ಅವನ್ನು ಪರದೆಯ ಮೇಲೆ ತಾನೇ ಬರೆಯುತ್ತದೆ. ಎಷ್ಟು ಬೆಳಕಾಗಿ ಬರೆಯಬೇಕೆಂಬುದನ್ನು ಬಳಗದಲ್ಲಿ ಅತ್ಯಂತ ನಂಬಿಕಸ್ತ ಕಣ್ಣು ಯಾರದೋ ಅವರ ಅಂಕದಿಂದ ತಿಳಿಯುತ್ತದೆ. ನಮ್ಮಲ್ಲಿ ಅಂಥ ಕಣ್ಣು ಒಂದೇ. ಅವಳು ಯಾವತ್ತೂ ಆರು ಎಂದವಳು, ಆದ್ದರಿಂದ ಅವಳ ಚುಕ್ಕಿ ಇವತ್ತೂ ಆರು ಎಂದಿತು. ಆ ಆರನ್ನು ನೋಡಿ ಆ್ಯಪ್ ನಕ್ಷತ್ರ ಬರೆಯಿತು. ಬರೆದದ್ದನ್ನು ನೋಡಿ ನಮ್ಮವರೆಲ್ಲ ಆರು ಎಂದು ಬರೆದರು. ಯಾರೂ ಬಾಯಿ ಬಿಟ್ಟಿರಲಿಲ್ಲ, ಪದ್ಧತಿಯನ್ನು ಒಬ್ಬರೂ ಮುರಿದಿರಲಿಲ್ಲ. ಹಾಸುಬಂಡೆಯ ಮೇಲೆ ಕೂತು ನಾವೆಲ್ಲ ಸತ್ತವಳೊಬ್ಬಳ ನೆನಪಿನ ಆಕಾಶವನ್ನು ನೋಡುತ್ತಿದ್ದೆವು.

"ಈ ಒಬ್ರನ್ನ ಉಳಿಸ್ಬೇಕು ಅಂದ್ರೆ ಉಳಿಸ್ಬೋದು ಮೇಡಂ" ಎಂದಳು ರುಬೀನಾ, ಬಾಗಿಲ ತನಕ ಬಂದು. "ಮೂವತ್ತೊಂದರೊಳಗೆ ನಿಮ್ಮ ಫೋನಿಂದ ಒಂದು ಕೋರಿಕೆ ಕಳ್ಸಿ. ನಾನು ನೋಡ್ಕೋತೀನಿ."

ಊರಿಗೆ ಬಂದು ಸೀದಾ ತಿಪ್ಪೇಸ್ವಾಮಿಯವರ ಮನೆಗೆ ಹೋದೆ. ಅವರು ಒಲೆಯ ಮುಂದೆ ನಿಂತು ಸಂಜೆಗೆಂದು ಕಡಲೆಕಾಯಿ ಹುರಿಯುತ್ತಿದ್ದರು. ನಾನು ಸುತ್ತಿ ಬಳಸದೆ ಹೇಳಿದೆ: "ಮೇಷ್ಟ್ರೇ, ಮಸಿಚುಕ್ಕಿ ಮರೆಯಾಗಿದೆ."

"ಎಲ್ಲಿ ಮರೆಯಾಗಿದೆ? ನೆನ್ನೆ ನೋಡಿದೀನಲ್ಲ."

"ನೀವು ನೋಡಿದ್ದು ಫೋನ್ ಬರೆದಿದ್ದು."

"ನಾನೊಬ್ನೇ ಅಲ್ಲ, ಶ್ರೀರಾಮುಲೂ ನೋಡಿದ್ರು. ಅವ್ಳೂ ನೋಡ್ತಿದ್ಲು. ಅವ್ಳು ನೋಡ್ತಿದ್ಲು ಅಂದ್ಮೇಲೆ ಅದು ಇದೆ." ಅವರ ದನಿ ಏರಿತು. "ನೀವು ಊರಲ್ಲೇ ಇರ್ಲಿಲ್ಲ. ಮೈಸೂರ್ಗೆ ಹೋಗಿ ಯಾರೋ ಹೇಳಿದ್ದನ್ನ ಕೇಳ್ಕೊಂಡು ಬಂದು, ನನ್ನ ಹೆಂಡ್ತಿ ಕಣ್ಣಿಗೆ ದೋಷ ಹೇಳ್ತೀರಾ?"

ಕಡಲೆಕಾಯಿ ಸೀಯತೊಡಗಿತು. ಗ್ಯಾಸ್ ಆರಿಸಿದ್ದು ನಾನು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಇವತ್ತು ಒಂದು ದಿನ ಫೋನಿಲ್ಲದೆ ನೋಡಿ, ಆಮೇಲೆ ನೀವು ಹೇಳಿದ ಹಾಗೆ ಕೇಳುತ್ತೇನೆ ಎಂದೆ. ಅವರು ಜಮಖಾನ ಹೊತ್ತು ಬಂಡೆಗೆ ಬಂದರು.

ಎಂಟು ಗಂಟೆಯ ಹೊತ್ತಿಗೆ ಉತ್ತರ ಕಿರೀಟ ಪೂರ್ವದಲ್ಲಿ ಚೆನ್ನಾಗಿ ಮೇಲೇರಿತ್ತು. ನಾನು ಎಲ್ಲರ ಫೋನುಗಳನ್ನೂ ಕಿತ್ತುಕೊಂಡು ಶ್ರೀರಾಮುಲು ತಂದಿದ್ದ ರಟ್ಟಿನ ಡಬ್ಬಕ್ಕೆ ಹಾಕಿ ಮುಚ್ಚಿದೆ. ಬರೀ ಬೈನಾಕ್ಯುಲರ್, ಬರೀ ಕಣ್ಣು. ಶ್ರೀರಾಮುಲು ನೋಡಿದರು. ಕೆಳಗಿಳಿಸಿದರು. ಗಾಜು ಒರೆಸಿಕೊಂಡು ಮತ್ತೆ ನೋಡಿದರು. ಪದ್ಧತಿಯಂತೆ ಯಾರೂ ಮಾತಾಡಲಿಲ್ಲ.

ತಿಪ್ಪೇಸ್ವಾಮಿ ಎಲ್ಲರಿಗಿಂತ ಕೊನೆಗೆ ಎತ್ತಿದರು. ಫೋನ್ ಸಿಕ್ಕಿಸದೆ ಆ ಬೈನಾಕ್ಯುಲರಿಗೆ ಅವರು ಕಣ್ಣಿಟ್ಟದ್ದು ಅದೇ ಮೊದಲು. ಅದರ ತಿರುಪು ಇನ್ನೂ ಪಂಕಜಾಕ್ಷಿಯ ಕಣ್ಣಿಗೆ ಹೊಂದಿಸಿಟ್ಟ ಹಾಗೇ ಇತ್ತು. ಅವರಿಗೆ ಎಲ್ಲ ಕಲಸಿಹೋದಂತೆ ಕಂಡಿರಬೇಕು. ತಿರುಗಿಸಬೇಕು ಎಂದು ಮೆಲ್ಲಗೆ ಹೇಳಿದೆ. ಅವರ ಬೆರಳು ತಿರುಪಿನ ಮೇಲೆ ಬಹಳ ಹೊತ್ತು ಸುಮ್ಮನಿತ್ತು. ಕೊನೆಗೆ ತಿರುಗಿಸಿದರು.

"ಕಾಣಲ್ಲ" ಎಂದರು.

ಬೈನಾಕ್ಯುಲರ್ ಕೆಳಗಿಳಿಸಿ "ಫೋನ್ ಕೊಡಿ" ಎಂದರು. ಕೊಟ್ಟೆ. ಪರದೆಯ ಮೇಲೆ ಕಿರೀಟದೊಳಗೆ ನಕ್ಷತ್ರ ಸ್ವಚ್ಛವಾಗಿ ಹೊಳೆಯುತ್ತಿತ್ತು. ಅದರ ಮೇಲೆ ಪಂಕಜಾಕ್ಷಿಯ ಚುಕ್ಕಿ ಆಗ ತಾನೇ ಬಂದು ನಿಂತಿತ್ತು. ನಾವಿಬ್ಬರೂ ಬಗ್ಗಿ ನೋಡಿದೆವು. ಚುಕ್ಕಿ ದಿನ ನಿಲ್ಲುವಷ್ಟೇ ಹೊತ್ತು ನಿಂತಿತು. ಆರು ಎಂದು ಬರೆಯಿತು. ಮುಂದಿನ ನಕ್ಷತ್ರಕ್ಕೆ ಹೊರಟಿತು.

"ಹೇಮಮ್ಮ" ಎಂದರು ತಿಪ್ಪೇಸ್ವಾಮಿ. "ಇವತ್ತು ಅವ್ಳು ಇದ್ದಿದ್ರೆ ಏನ್ಮಾಡೋಳು ಹೇಳಿ."

ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು:

"ಬಂಡೆ ಮೇಲೆ ಕುಣಿಯೋಳು. ನನ್ನ ರಟ್ಟೆ ಹಿಡಿದು ಎಬ್ಬಿಸೋಳು. ಏಳ್ರೀ, ಎದ್ದೇಳ್ರೀ, ಹೋಯ್ತು ಅದು, ನೋಡ್ರೀ ಅಂತ ಊರು ಒಂದು ಮಾಡೋಳು. ನಾನು, ನಾಳೆ ನೋಡಿದ್ರಾಯ್ತು ಬಿಡೇ ಅಂದು ಮಗ್ಗುಲಾಗ್ತಿದ್ದೆ." ಅವರು ಅಳುತ್ತಿದ್ದರು, ಮುಚ್ಚಿಡಲಿಲ್ಲ. "ಇವ್ಳು ಯಾರೋ ಏನೂ ಆಗಿಲ್ಲ ಅನ್ನೋ ಥರ ಮುಂದೆ ಹೋಗ್ತಾಳೆ. ಇವ್ಳು ನನ್ನ ಹೆಂಡ್ತಿ ಅಲ್ಲ. ಯಾವ ಕೋರಿಕೆನೂ ಕಳಿಸಬೇಡಿ."

ಅಲ್ಲಿಯೇ ಆ್ಯಪ್ ತೆಗೆದುಹಾಕಿದರು. ಬೈನಾಕ್ಯುಲರನ್ನು ಕೊರಳಿಗೆ ಹಾಕಿಕೊಂಡು, ಜಮಖಾನ ಹೆಗಲಿಗೆ ಹಾಕಿಕೊಂಡು ನಮಗೆಲ್ಲರಿಗಿಂತ ಮೊದಲು ಬಂಡೆ ಇಳಿದು ಹೋದರು.

ಇಲ್ಲಿಗೆ ಮುಗಿಯಬೇಕಿತ್ತು. ಮೊದಲಿನಿಂದ ಬರೀ ಲೆಕ್ಕಾಚಾರ, ಲೆಕ್ಕಾಚಾರ ಎಂದು ಬಡಿದುಕೊಂಡವಳು ನಾನು. ಈಗ ಮೇಷ್ಟ್ರೇ ಒಪ್ಪಿದರು, ನನ್ನ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಮರುದಿನ ಗಿರಾಕಿಯೊಬ್ಬರಿಗೆ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿ ಕಳಿಸಿದೆ. ಮೇಷ್ಟ್ರ ಮನೆಯಲ್ಲಿ ಅವಳ ಸೀರೆ ಇದೆ, ಫೋಟೋ ಇದೆ, ಮೂವತ್ತಾರು ವರ್ಷಗಳಿವೆ. ನನಗಿದ್ದದ್ದು ಅವಳ ಪಕ್ಕ ಕೂತು ಮೇಲೆ ನೋಡಿದ ಹೊತ್ತು ಮಾತ್ರ. ಅದರಲ್ಲಿ ಉಳಿದಿದ್ದದ್ದು ಆ ಕಿತ್ತಳೆ ಚುಕ್ಕಿ. ಅವಳಲ್ಲ ಎಂದು ಗೊತ್ತಿದ್ದೂ ನನಗೆ ಅದು ಬೇಕಿತ್ತು. ಇದನ್ನು ಯಾರ ಮುಂದೆ ಹೇಳಲಿ?

ಮೂವತ್ತೊಂದನೇ ತಾರೀಕಿನ ಸಂಜೆ ಅಂಗಡಿ ಮುಚ್ಚಿ ಮೇಲಿನ ತಾರಸಿಗೆ ಹೋದೆ. ಕೋರಿಕೆಯನ್ನು ಫೋನಿನಲ್ಲಿ ಬರೆದಿಟ್ಟಿದ್ದೆ, ಒತ್ತುವುದೊಂದು ಬಾಕಿ. ಬಸ್ ಸ್ಟ್ಯಾಂಡಿನ ದೀಪಗಳ ನಡುವೆ ಆಕಾಶ ಅಷ್ಟಕ್ಕಷ್ಟೇ. ಆದರೂ ಹೊತ್ತಿಗೆ ಸರಿಯಾಗಿ ಅವಳ ಚುಕ್ಕಿ ಬಂತು. ಅದರ ಹಿಂದೆ ಒಂದೊಂದೇ ನಕ್ಷತ್ರಕ್ಕೆ ಹೋದೆ. ಕಿರೀಟದೊಳಗೆ ಬಂದು ಅದು ನಿಂತಾಗ ನನಗೆ ತಡೆಯಲಾಗಲಿಲ್ಲ. ಹುಚ್ಚಿಯ ಹಾಗೆ ಫೋನಿಗೆ ಜೋರಾಗಿಯೇ ಹೇಳಿದೆ:

"ಪಂಕಜಾ, ಅದು ಹೋಗಿದೆ ಕಣೇ. ಇಷ್ಟು ವರ್ಷ ಕಾದೆಯಲ್ಲ, ಹೋಗಿದೆ. ಒಂದ್ಸಲ ಸರಿಯಾಗಿ ನೋಡೇ!"

ಚುಕ್ಕಿ ಇನ್ನೂ ಸ್ವಲ್ಪ ಹೊತ್ತು ನಿಂತಿತ್ತು. ಆ ಹೊತ್ತಿನಲ್ಲಿ ಅವಳು ನೋಡಿಬಿಡುತ್ತಾಳೆಂದು ನಾನು ನಂಬಿದೆ, ಸುಳ್ಳು ಯಾಕೆ ಹೇಳಲಿ. ಬೆರಳು ಕೋರಿಕೆಯ ಮೇಲೆಯೇ ಇತ್ತು. ಆಮೇಲೆ ಚುಕ್ಕಿ ಎಂದಿನಂತೆ ಆರು ಎಂದು ಬರೆದು ಮುಂದಿನ ನಕ್ಷತ್ರಕ್ಕೆ ಹೋಯಿತು.

ನಾನು ಹಿಂದೆ ಹೋಗಲಿಲ್ಲ. ಕೋರಿಕೆಯನ್ನು ಅಳಿಸಿ ಫೋನನ್ನು ಬೋರಲು ಹಾಕಿದೆ. ಬೈನಾಕ್ಯುಲರ್ ಎತ್ತಿ, ಏನೂ ಇಲ್ಲದ ಆ ಜಾಗವನ್ನು ಅವಳ ಪಾಲಿನದೂ ಸೇರಿಸಿ ನೋಡುತ್ತ ನಿಂತೆ.